ಸಾಲು ಎತ್ತುವವಳು

ಶ್ರಾವಣದ ಸೋಮವಾರಗಳಲ್ಲಿ ನಮ್ಮ ಓಣಿಯ ಹೆಂಗಸರು ವಾರಕ್ಕೊಂದು ಮನೆಯಲ್ಲಿ ಸೇರಿ ವಚನ ಹಾಡುತ್ತೇವೆ. ಹಾಡುವ ಕ್ರಮ ಹಳೆಯದು. ಒಬ್ಬಳು ಒಂದು ಸಾಲು ಎತ್ತುತ್ತಾಳೆ, ಉಳಿದವರೆಲ್ಲ ಅದೇ ಸಾಲನ್ನು ಹಿಂದೆ ಹೇಳುತ್ತಾರೆ. ಎತ್ತುವವಳು ಯಾರು ಅನ್ನುವುದನ್ನು ಆ ಮನೆಯ ಹಿರಿಯಳು ಹೇಳಬೇಕು. ನಾನೇ ಎತ್ತುತ್ತೇನೆ ಎಂದು ಯಾರೂ ಮುಂದೆ ಬೀಳುವಂತಿಲ್ಲ, ಬಿದ್ದರೆ ಮರುದಿನ ಶಿಕಾರಿಪುರದ ಸಂತೆಯವರೆಗೂ ಸುದ್ದಿಯಾಗುತ್ತದೆ. ನಮ್ಮ ಮನೆಯ ಹಿರಿಯಳು ನನ್ನ ಅತ್ತೆ. ಅವರ ಬಾಯಿಂದ "ನೀ ಎತ್ತವ್ವಾ" ಎಂಬ ಎರಡು ಮಾತು ಕೇಳಲು ನಾನು ಹದಿನೇಳು ಶ್ರಾವಣ ಕಾದೆ. ಒಂದನ್ನು ಬಿಟ್ಟು ಉಳಿದೆಲ್ಲ ಶ್ರಾವಣ ಅವರು ಆ ಮಾತನ್ನು ನನ್ನ ನೆಗೆಣ್ಣಿಗೆ ಹೇಳಿದರು.

ನೆಗೆಣ್ಣಿ ಎಂದರೆ ನನ್ನ ಗಂಡನ ತಮ್ಮನ ಹೆಂಡತಿ. ಸೊರಬದ ಕಡೆಯ ಉಳವಿಯಿಂದ ಬಂದವಳು. ನಮ್ಮ ಮನೆಯ ಪಕ್ಕದಲ್ಲೇ ಅವರ ಮನೆ, ನಡುವೆ ಒಂದು ಗೋಡೆ. ಓದಿದ್ದು ಪಿಯುಸಿ. ಸಂಗೀತ ಕಲಿತವಳಲ್ಲ, ಸ್ಪರ್ಧೆಗೆ ಹೋದವಳಲ್ಲ. ಅವಳ ದನಿ ಸಣ್ಣದಲ್ಲ, ನಯವಾದದ್ದೂ ಅಲ್ಲ. ಹೊಸ ಕಂಬಳಿಯ ಹಾಗೆ ದಪ್ಪ, ಒರಟು. ರೊಟ್ಟಿ ತಟ್ಟುತ್ತಾ ಹಾಡುತ್ತಾಳೆ, ಬಟ್ಟೆ ಹಿಂಡುತ್ತಾ ಹಾಡುತ್ತಾಳೆ, ಗೋಡೆಯಾಚೆಯಿಂದ ಅದು ನನ್ನ ಅಡುಗೆಮನೆಗೆ ಬರುತ್ತದೆ. ನಾನು ಮಿಕ್ಸಿ ಹಾಕುತ್ತೇನೆ. ಚಟ್ನಿಗೆ ಏನೂ ಇಲ್ಲದಿದ್ದರೂ ಹಾಕಿದ್ದುಂಟು.

ನನ್ನ ವಿಷಯ ಹಾಗಲ್ಲ. ನಾನು ಪದವೀಧರೆ, ಸೊರಬದ ಸರ್ಕಾರಿ ಕಚೇರಿಯಲ್ಲಿ ಜಮೀನು ದಾಖಲೆಗಳ ವಿಭಾಗದ ಗುಮಾಸ್ತೆ. ಹೈಸ್ಕೂಲಿನಲ್ಲಿ ಭಾವಗೀತೆ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತೆಗೆದುಕೊಂಡಿದ್ದೆ. ಬಹುಮಾನವಾಗಿ ಬಂದದ್ದು ಒಂದು ಸ್ಟೀಲ್ ತಟ್ಟೆ, ಅದರ ಮೇಲೆ ನನ್ನ ಹೆಸರು ಕೊರೆದಿದೆ. ಮದುವೆಯಾಗಿ ಬರುವಾಗ ಅದನ್ನೂ ತಂದೆ. ಒಮ್ಮೆ ಶ್ರಾವಣದ ಸೋಮವಾರ ನಮ್ಮ ಮನೆಯಲ್ಲಿದ್ದಾಗ ನೆಗೆಣ್ಣಿ ಆ ತಟ್ಟೆಯಲ್ಲೇ ಮಂಡಕ್ಕಿ ತುಂಬಿ ಎಲ್ಲರ ಮುಂದೆ ಹಿಡಿದಳು. ಅವಳಿಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಗೊತ್ತಿದ್ದು ಮಾಡಿದ್ದರೆ ಜಗಳ ತೆಗೆದು ಹಗುರಾಗಬಹುದಿತ್ತು. ಅವಳೊಂದಿಗೆ ಜಗಳವಾಡಲು ಒಂದು ಕಾರಣವನ್ನೂ ಅವಳು ಈವರೆಗೆ ಕೊಟ್ಟಿಲ್ಲ, ಅದೂ ನನ್ನ ಸಿಟ್ಟಿಗೆ ಒಂದು ಕಾರಣ.

ನನಗಿದ್ದದ್ದು ಹೊಟ್ಟೆಕಿಚ್ಚು. ಬೇರೆ ಚೆಂದದ ಹೆಸರು ಕೊಡುವ ಆಸೆ ನನಗಿಲ್ಲ.

ನಾಲ್ಕು ವರ್ಷದ ಹಿಂದೆ ನಮ್ಮ ಮನೆಯ ಸರದಿಯ ಸೋಮವಾರ ನೆಗೆಣ್ಣಿ ಊರಲ್ಲಿರಲಿಲ್ಲ. ತವರಿನಲ್ಲಿ ಯಾರದೋ ಬಾಣಂತನವೆಂದು ಉಳವಿಗೆ ಹೋಗಿದ್ದಳು. ಅತ್ತೆ ಸುತ್ತ ಕಣ್ಣಾಡಿಸಿ, ಬೇರೆ ದಾರಿಯಿಲ್ಲದವರ ಹಾಗೆ ನನ್ನ ಕಡೆ ಗದ್ದ ಎತ್ತಿದರು. "ನೀ ಎತ್ತವ್ವಾ" ಎಂದು ಬಾಯಿಬಿಟ್ಟೂ ಹೇಳಲಿಲ್ಲ. ನಾನು ಅದನ್ನೇ ದೊಡ್ಡದು ಮಾಡಿಕೊಂಡು ಎತ್ತಿದೆ. ಮೊದಲ ಸಾಲು ಹೇಗೋ ಆಯಿತು. ಎರಡನೆಯದರಲ್ಲಿ ಸ್ವರ ಮೇಲೇರಬೇಕಾದ ಜಾಗದಲ್ಲಿ ಉಸಿರು ಮುಗಿದು, ಒಂದು ಶಬ್ದ ನಡುವೆ ಮುರಿದು, ದನಿ ಕೋಳಿಮರಿಯ ಕೂಗಿನಂತೆ ಕೀಚಲಾಗಿ ನಿಂತುಹೋಯಿತು. ಯಾರೂ ನಗಲಿಲ್ಲ. ನಕ್ಕಿದ್ದರೂ ಚೆನ್ನಾಗಿತ್ತು. ಅತ್ತೆ ಮೆತ್ತಗೆ ಹೇಳಿದರು:

"ಸಾಕು ಬಿಡವ್ವಾ. ನೀ ಹಿಂದ ಹೇಳು."

ಉಡುತಡಿ ಕಡೆಯಿಂದ ಬಂದು ನಮ್ಮ ಓಣಿಯಲ್ಲಿ ಮಗಳ ಮನೆಯಲ್ಲಿರುವ ಒಬ್ಬ ಅಜ್ಜಿ ಆ ಸಾಲನ್ನು ಎತ್ತಿಕೊಂಡು ಮುಗಿಸಿದರು. ನಾನು ಹಿಂದೆ ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವತ್ತು ರಾತ್ರಿ ಗಂಡನ ಹತ್ತಿರ ಫ್ಯಾನಿನ ಗಾಳಿಗೆ ಗಂಟಲು ಕಟ್ಟಿತ್ತು ಅಂದೆ.

ಸೊರಬದಲ್ಲಿ ನಮ್ಮ ಕಚೇರಿಯಿಂದ ಐದು ನಿಮಿಷ ನಡೆದರೆ ಒಂದು ಹಾರ್ಮೋನಿಯಂ ರಿಪೇರಿ ಅಂಗಡಿ ಇದೆ. ನಡೆಸುವವರು ಒಬ್ಬ ಮುಸ್ಲಿಂ ಹಿರಿಯರು, ಎಲ್ಲರ ಬಾಯಲ್ಲಿ ಮೇಷ್ಟ್ರು. ಸುತ್ತಲಿನ ಮಠ, ಭಜನಾ ಮನೆ, ನಾಟಕದ ಕಂಪನಿಗಳ ಪೆಟ್ಟಿಗೆಗಳೆಲ್ಲ ಕೆಟ್ಟರೆ ಬರುವುದು ಅವರ ಕೈಗೇ. ಪೆಟ್ಟಿಗೆ ಸರಿಮಾಡುತ್ತಾ ಮಾಡುತ್ತಾ ಹಾಡುಗಾರಿಕೆಯನ್ನೂ ಹೇಳಿಕೊಡುತ್ತಾರೆ, ಒಬ್ಬೊಬ್ಬರಿಗೇ, ಬೇರೆ ಬೇರೆ ಹೊತ್ತಿನಲ್ಲಿ. ಅವರು ತಮ್ಮ ಸೈಟಿನ ಖಾತೆಯ ಕೆಲಸಕ್ಕೆ ನಮ್ಮ ಕಚೇರಿಗೆ ಬಂದಾಗ ನನಗೆ ಪರಿಚಯ. ಕೇಳಲೋ ಬೇಡವೋ ಎಂದು ಒಂದು ತಿಂಗಳು ಒದ್ದಾಡಿ ಕೇಳಿದೆ. ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ, ಕಚೇರಿ ತೆಗೆಯುವುದರೊಳಗೆ ಮುಗಿಸೋಣ ಅಂದರು.

ಒಂಬತ್ತಕ್ಕೆ ಸೊರಬದಲ್ಲಿರಬೇಕೆಂದರೆ ಶಿಕಾರಿಪುರದಲ್ಲಿ ಏಳೂವರೆಯ ಬಸ್ಸು ಹಿಡಿಯಬೇಕು. ಮನೆಯಲ್ಲಿ ಏನು ಹೇಳುವುದು? ಕಚೇರಿಯ ಸರ್ವರ್ ಹೊತ್ತೇರಿದ ಮೇಲೆ ನಿಧಾನ, ಬೆಳಿಗ್ಗೆ ಬೇಗ ಹೋದರೆ ಚುರುಕಾಗಿರುತ್ತದೆ ಎಂದು ಹೇಳಿದೆ. ಪಹಣಿಗಾಗಿ ಎಂದಾದರೂ ಕ್ಯೂ ನಿಂತವರು ಯಾರೂ ಈ ಮಾತನ್ನು ಅನುಮಾನಿಸುವುದಿಲ್ಲ. ವಾರಕ್ಕೆರಡು ದಿನ ನನ್ನ ಸರ್ವರ್ ಚುರುಕಾಯಿತು.

ಪಾಠದ ಜಾಗ ಅಂಗಡಿಯ ಹಿಂದಿನ ಚಿಕ್ಕ ಕೋಣೆ. ಒಂದು ಚಾಪೆ, ಹೊಟ್ಟೆ ಬಿಚ್ಚಿ ಮಲಗಿದ ನಾಲ್ಕೈದು ಹಾರ್ಮೋನಿಯಂಗಳು. ಪರದೆಯ ಆಚೆ ಮೇಷ್ಟ್ರ ಹೆಂಡತಿ ರವಿಕೆ ಹೊಲಿಯುತ್ತಿದ್ದರು. ನಾನು ಅಲ್ಲಿಗೆ ಹೋದ ಮೊದಲ ವರ್ಷವೆಲ್ಲ ಆಕೆಯನ್ನು ನೋಡಿದ್ದು ಕಡಿಮೆ, ಆಕೆಯ ಮಷೀನಿನ ಸದ್ದು ಕೇಳಿದ್ದೇ ಹೆಚ್ಚು.

ಮೊದಲ ದಿನ ಮೇಷ್ಟ್ರು ನನ್ನ ಕೈಯಿಂದಲೇ ನನ್ನ ಮೊಬೈಲಿನಲ್ಲಿ ಒಂದು ವಚನ ರೆಕಾರ್ಡ್ ಮಾಡಿಸಿ, ತಿರುಗಿ ಹಾಕಿ ಕೇಳಿಸಿದರು. ನಾನು ಅದು ನನ್ನ ದನಿ ಅಲ್ಲವೆಂದೇ ವಾದಿಸಿದೆ. ಮೂಗಿನಲ್ಲಿ ಹಾಡುವ ಯಾರೋ ಹೆಂಗಸು, ಪ್ರತಿ ಸ್ವರಕ್ಕೂ ಕೆಳಗಿನಿಂದ ತೆವಳಿಕೊಂಡು ಬರುತ್ತಿದ್ದಾಳೆ, ಸಾಲು ಮುಗಿಯುವುದರೊಳಗೆ ಓಡಿಹೋಗುವ ಅವಸರ ಅವಳಿಗೆ. ಮೇಷ್ಟ್ರು ವಾದಕ್ಕೆ ಇಳಿಯಲಿಲ್ಲ. ಮೂಗು ಹಿಡಿದುಕೊಂಡು 'ಆ' ಎನ್ನಿ ಅಂದರು. ಹಿಡಿದೆ. ದನಿ ಅರ್ಧಕ್ಕರ್ಧ ನಿಂತಿತು. ಬಾಯಲ್ಲಿ ಬರಬೇಕಾದದ್ದು ಮೂಗಲ್ಲಿ ಹೋಗುತ್ತಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ? ಹೈಸ್ಕೂಲಿನ ತೀರ್ಪುಗಾರರ ಮೇಲೆ ನನಗಿದ್ದ ಗೌರವ ಅವತ್ತೇ ಹೋಯಿತು.

ಆಮೇಲೆ ಒಂದು ಕೆಟ್ಟ ಹಾರ್ಮೋನಿಯಂ ಎಳೆದು, ಅದರ ತಿದಿಯ ಚರ್ಮ ಹರಿದ ಜಾಗ ತೋರಿಸಿದರು.

"ನೋಡಿ ಮೇಡಂ, ಗಾಳಿ ತುಂಬೂದು ತುಂಬ್ತದೆ. ಪಟ್ಟಿ ಒತ್ತೂಕೆ ಮುಂಚೇನೆ ಸೋರಿ ಹೋಗ್ತದೆ. ನಿಮ್ದೂ ಇದೇ ಕಂಪ್ಲೇಂಟು."

ನಿಜ. ನಾನು ಭುಜ ಎತ್ತಿ ಎದೆ ತುಂಬ ಉಸಿರೆಳೆದುಕೊಳ್ಳುತ್ತಿದ್ದೆ, ಮೊದಲ ಶಬ್ದ ಹೇಳುವ ಮೊದಲೇ ಅರ್ಧ ಬಿಟ್ಟುಬಿಡುತ್ತಿದ್ದೆ. ಉಳಿದ ಅರ್ಧದಲ್ಲಿ ಸಾಲು ಮುಗಿಸಬೇಕಲ್ಲ ಎಂಬ ಹೆದರಿಕೆಗೇ ಆ ಅವಸರ. ಆರು ವಾರ ನನ್ನಿಂದ ಒಂದು ಸ್ವರವನ್ನೂ ಹಾಡಿಸಲಿಲ್ಲ. ಪಕ್ಕೆಲುಬಿನ ಮೇಲೆ ಕೈ ಇಟ್ಟುಕೊಂಡು, ಪಕ್ಕೆ ಅಗಲವಾಗುವ ಹಾಗೆ ಉಸಿರು ತೆಗೆದುಕೊಂಡು, 'ಸ್' ಎಂದು ಹಾವಿನಂತೆ ಬಿಡುತ್ತಾ ಹೋಗಬೇಕು, ಭುಜ ಅಲ್ಲಾಡಬಾರದು. ಇದನ್ನು ಮನೆಯಲ್ಲಿ ಅಭ್ಯಾಸ ಮಾಡುವಂತಿರಲಿಲ್ಲ. ಬಸ್ಸಿನಲ್ಲಿ ಮಾಡಿದರೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ಕೊನೆಗೆ ಊಟದ ಬಿಡುವಿನಲ್ಲಿ ದಾಖಲೆ ಕೋಣೆಯ ಹಳೆಯ ಕಟ್ಟುಗಳ ನಡುವೆ ನಿಂತು ಮಾಡತೊಡಗಿದೆ. ನಮ್ಮ ಕಚೇರಿಯ ಅಟೆಂಡರ್ ಒಂದು ದಿನ ಬಾಗಿಲಲ್ಲಿ ನಿಂತು, ಗ್ಯಾಸ್ಟ್ರಿಕ್ಕಿಗೆ ಮಾತ್ರೆ ತರಲೇ ಎಂದು ಕೇಳಿದಳು. ಅವಳು ಉಳವಿಯವಳು ಎಂಬುದನ್ನು ನಾನು ಆಗ ನೆನಪಿಡಬೇಕಿತ್ತು.

ಉಸಿರು ಹದಕ್ಕೆ ಬಂದ ಮೇಲೆ ಗದ್ದದ ಸರದಿ. ಸ್ವರ ಮೇಲೇರಿದಂತೆಲ್ಲ ನಾನು ಗದ್ದವನ್ನೂ ಮೇಲೆತ್ತುತ್ತಿದ್ದೆ. ಅಟ್ಟದ ಮೇಲಿನ ಡಬ್ಬಿಗೆ ಕೈಚಾಚುವವಳ ಹಾಗೆ. ಗಂಟಲು ಬಿಗಿದು ದನಿ ಕೀಚಲಾಗುತ್ತಿದ್ದದ್ದು ಅದಕ್ಕೇ. "ಮೇಲೆ ಹೋಗಬೇಕಾದ್ದು ಸ್ವರ, ಗದ್ದ ಅಲ್ಲ" ಎಂದು ಮೇಷ್ಟ್ರು ಎಷ್ಟು ಸಲ ಹೇಳಿದರೋ. ಎದುರಿಗೆ ಒಂದು ಕನ್ನಡಿ ಇಟ್ಟರು. ಮುಖ ನೆಟ್ಟಗೆ, ದವಡೆ ಸಡಿಲ, ಎರಡು ಬೆರಳು ಹಿಡಿಯುವಷ್ಟು ಬಾಯಿ. ಶಬ್ದ ಬಿಟ್ಟು ಬರೀ 'ಆ'ಕಾರದಲ್ಲಿ ಇಡೀ ವಚನ, ಆಮೇಲೆ ಬಾಯಿ ಮುಚ್ಚಿ ಗುನುಗಿನಲ್ಲಿ, ಆಮೇಲೆ ಶಬ್ದ. ಸ್ವರದ ಮೇಲೆ ನೇರ ಹೋಗಿ ನಿಲ್ಲಬೇಕು, ಕೆಳಗಿನಿಂದ ಉಜ್ಜಿಕೊಂಡು ಬರಬಾರದು. ಹದ್ದುಬಸ್ತು ಮಾಡುವ ಸರ್ವೇಯರ್ ಕಲ್ಲು ನೆಡುವುದು ಗೆರೆಯ ಮೇಲೆ, ಗೆರೆಯ ಪಕ್ಕ ಅಲ್ಲ. ಇದು ನನಗೆ ಅರ್ಥವಾದ ಭಾಷೆ.

ನನ್ನ ಶ್ರುತಿಯನ್ನು ಅವರೇ ಹುಡುಕಿಕೊಟ್ಟರು. ನಾನು ಇಷ್ಟು ವರ್ಷ ಹಾಡುತ್ತಿದ್ದ ಎತ್ತರಕ್ಕಿಂತ ಅದು ತುಂಬಾ ಕೆಳಗಿತ್ತು. ಇದೇ ನಿಮ್ಮ ಮನೆ, ಇಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಿ ಬನ್ನಿ ಅಂದರು. ನನಗೆ ಆ ಮನೆ ಹಿಡಿಸಲಿಲ್ಲ, ಯಾಕೆಂದರೆ ಅದು ಹೆಚ್ಚುಕಡಿಮೆ ನೆಗೆಣ್ಣಿ ಹಾಡುತ್ತಿದ್ದ ಶ್ರುತಿಯೇ ಆಗಿತ್ತು.

ಪರದೆಯಾಚೆಯ ಮಷೀನಿನ ವಿಷಯ ನನಗೆ ತಿಳಿದದ್ದು ಎರಡನೆಯ ವರ್ಷ. ಇನ್ನೊಬ್ಬ ವಿದ್ಯಾರ್ಥಿನಿ ಹೇಳಿದಳು: ಮೇಷ್ಟ್ರು ಯಾರನ್ನೂ ಹೊಗಳುವುದಿಲ್ಲ, ಸ್ವರ ನಿಜವಾಗಿ ಸರಿ ಬಿದ್ದರೆ ಆಚೆ ಮಷೀನು ನಿಲ್ಲುತ್ತದೆ, ಮೇಷ್ಟ್ರೂ ಅದನ್ನೇ ಕೇಳಿಸಿಕೊಳ್ಳುತ್ತಾರೆ. ಅಂದಿನಿಂದ ನಾನು ಹಾಡಿದ್ದು ದೇವರಿಗೂ ಅಲ್ಲ, ಮೇಷ್ಟ್ರಿಗೂ ಅಲ್ಲ, ಆ ಮಷೀನಿಗೆ. ಅದು ಓಡುತ್ತಲೇ ಇತ್ತು. ಒಂದು ಬೆಳಿಗ್ಗೆ, ಮೇಲಿನ ಷಡ್ಜದಲ್ಲಿ ನಾನು ಗಂಟಲು ಹಿಂಡದೆ, ಗದ್ದ ಅಲುಗದೆ ನಿಂತಾಗ, ಪರದೆಯಾಚೆ ಸದ್ದು ನಿಂತಿತು. ಉಸಿರು ಇರುವವರೆಗೂ ನಾನು ಸ್ವರ ಬಿಡಲಿಲ್ಲ. ನಾನು ಬಿಟ್ಟ ಮೇಲೇ ಮಷೀನು ಮತ್ತೆ ಶುರುವಾಯಿತು. ಕಚೇರಿಗೆ ಹೋಗಿ ಅವತ್ತು ಎಲ್ಲರಿಗೂ ಚಹಾ ತರಿಸಿದೆ, ಕಾರಣ ಹೇಳಲಿಲ್ಲ.

ಮುಗಿಯಿತು, ಇನ್ನು ಶ್ರಾವಣ ಬರಲಿ ಎಂದುಕೊಂಡೆ. ಆದರೆ ನನ್ನ ಮನಸ್ಸಿನಲ್ಲಿದ್ದದ್ದು ಚೆನ್ನಾಗಿ ಹಾಡುವುದಷ್ಟೇ ಅಲ್ಲ. ಮೊಬೈಲಿನ ಶ್ರುತಿಯನ್ನು ಮೇಷ್ಟ್ರು ಕೊಟ್ಟ ಜಾಗದಿಂದ ಹಾರ್ಮೋನಿಯಂನ ಐದು ಪಟ್ಟಿಯಷ್ಟು ಮೇಲಕ್ಕಿಟ್ಟು ದಾಖಲೆ ಕೋಣೆಯಲ್ಲಿ ಒಬ್ಬಳೇ ತಾಲೀಮು ಮಾಡಿದೆ. ನೆಗೆಣ್ಣಿಯ ದಪ್ಪ ದನಿ ಅಷ್ಟು ಎತ್ತರಕ್ಕೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಎತ್ತಬೇಕು, ಅವಳು ಹಿಂದೆ ಹೇಳಲು ಬಾಯಿ ತೆರೆಯಬೇಕು, ಎಲ್ಲರೆದುರು ಅವಳ ದನಿ ಮುರಿಯಬೇಕು. ಬಸ್ಸಿನಲ್ಲಿ ಶಿರಾಳಕೊಪ್ಪ ದಾಟುವಾಗಲೆಲ್ಲ ಈ ದೃಶ್ಯವನ್ನೇ ಕಣ್ಮುಂದೆ ತಂದುಕೊಂಡು ಖುಷಿಪಟ್ಟಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗ ಆಗುತ್ತಿರಲಿಲ್ಲ.

ಹೋದ ವರ್ಷ ಶ್ರಾವಣದ ಎರಡನೆಯ ಸೋಮವಾರ ನಮ್ಮ ಮನೆಯ ಸರದಿ ಬಂತು. ಇಪ್ಪತ್ತು ಇಪ್ಪತ್ತೆರಡು ಹೆಂಗಸರು, ಹೆಚ್ಚಿನವರು ಅರವತ್ತು ದಾಟಿದವರು. ಗೋಡೆಗೊರಗಿ ಉಡುತಡಿಯ ಅಜ್ಜಿ. ಅತ್ತೆ ನಡುವೆ ಕುರ್ಚಿಯಲ್ಲಿ, ಅವರಿಗೆ ಆ ಮಳೆಗಾಲದಲ್ಲಿ ಕೆಮ್ಮು ಹೆಚ್ಚಾಗಿ ಉಸಿರು ಸಣ್ಣದಾಗಿತ್ತು. ನಾನು ಮೊಬೈಲನ್ನು ರೆಕಾರ್ಡಿಂಗಿಗೆ ಹಾಕಿ ಶೋಕೇಸಿನ ಮೇಲಿಟ್ಟೆ. ಮೇಷ್ಟ್ರಿಗೆ ಕೇಳಿಸಬೇಕಲ್ಲ.

ಅತ್ತೆ ರೂಢಿಯಂತೆ ನೆಗೆಣ್ಣಿಯ ಕಡೆ ತಿರುಗಿದರು. ಆಗ ನೆಗೆಣ್ಣಿಯೇ ಹೇಳಿದಳು:

"ಅತ್ತೇರೇ, ಅಕ್ಕ ಸೊರಬದಲ್ಲಿ ಹಾಡೂದು ಕಲಿತಿದಾರಂತೆ. ನಮ್ಮೂರವಳು ಹೇಳಿದ್ಲು. ಈ ಸಲ ಅವರೇ ಎತ್ಲಿ."

ಅಟೆಂಡರ್! ಗ್ಯಾಸ್ಟ್ರಿಕ್ಕಿನ ಮಾತ್ರೆ ತರಲೇ ಎಂದವಳು. ನೆಗೆಣ್ಣಿಗೆ ಎಂದಿನಿಂದಲೋ ಗೊತ್ತಿತ್ತು, ಒಂದು ದಿನವೂ ಕೆದಕಿರಲಿಲ್ಲ. ಹದಿನೇಳು ವರ್ಷ ಕಾದ ಮಾತು ಕೊನೆಗೂ ನನ್ನ ಪಾಲಿಗೆ ಬಂತು, ಬಂದದ್ದು ಅವಳು ಬಿಟ್ಟುಕೊಟ್ಟ ಕಾರಣ. ಅತ್ತೆ ಅಚ್ಚರಿಯಿಂದ ನನ್ನನ್ನೇ ನೋಡಿ, "ಹೌದೇನ? ಹಂಗಾದ್ರ ನೀ ಎತ್ತವ್ವಾ" ಅಂದರು. ಆ ಎರಡು ಮಾತಿನ ರುಚಿ ನನಗೆ ಸಿಗಲೇ ಇಲ್ಲ. ಒಳಗೆ ಇದ್ದದ್ದು ಒಂದೇ: ಇವಳಿಗೆ ತೋರಿಸುತ್ತೇನೆ.

ಐದು ಪಟ್ಟಿ ಮೇಲೆಯೇ ಎತ್ತಿದೆ.

ಚೆನ್ನಾಗಿ ಹಾಡಿದೆ, ಸುಳ್ಳು ವಿನಯ ಬೇಡ. ಭುಜ ಅಲುಗಲಿಲ್ಲ, ಮೂಗು ನಡುವೆ ಬರಲಿಲ್ಲ, ಸಾಲು ಷಡ್ಜದ ಮೇಲೆ ಹೋಗಿ ಗೆರೆಯ ಮೇಲಿಟ್ಟ ಕಲ್ಲಿನಂತೆ ಕೂತಿತು. ಸಾಲು ಮುಗಿಸಿ, ಹಿಂದೆ ಹೇಳುವವರಿಗೆಂದು ನಿಲ್ಲಿಸಿದೆ.

ಯಾರೂ ಹೇಳಲಿಲ್ಲ.

ಒಂದಿಬ್ಬರು ಶುರುಮಾಡಿ ಕೆಮ್ಮಿ ಬಿಟ್ಟರು. ಉಡುತಡಿಯ ಅಜ್ಜಿ ತುಟಿ ಅಲ್ಲಾಡಿಸಿದರು, ದನಿ ಬರಲಿಲ್ಲ. ಅತ್ತೆ ಬಾಯಿ ತೆರೆದರು, ಕತ್ತಿನ ನರ ಉಬ್ಬಿತು, ಮತ್ತೆ ಬಾಯಿ ಮುಚ್ಚಿ ಸೆರಗಿನಿಂದ ಒರೆಸಿಕೊಂಡರು. ತಾಳ ಹಾಕುತ್ತಿದ್ದವಳ ಕೈ ಮಾತ್ರ ನಡೆದೇ ಇತ್ತು. ನಾನು ಯೋಚಿಸಿದ್ದು ಒಬ್ಬಳ ದನಿ. ಮನೆ ತುಂಬ ಕೂತವರ ದನಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಎತ್ತುವವಳು ಎತ್ತುವುದು ಹಿಂದೆ ಹೇಳುವವರಿಗೋಸ್ಕರ ಎಂಬುದು ನಮ್ಮ ಓಣಿಯ ಚಿಕ್ಕ ಹುಡುಗಿಯರಿಗೂ ಗೊತ್ತು. ಮೂರು ವರ್ಷ ಬಸ್ಸು ಹತ್ತಿ ಕಲಿತ ನಾನು ಮರೆತಿದ್ದೆ.

ಆಗ ಕೆಳಗಿನಿಂದ ಆ ಸಾಲು ಬಂತು. ನೆಗೆಣ್ಣಿ ನನ್ನ ಎತ್ತರಕ್ಕೆ ಬರಲು ಪ್ರಯತ್ನಿಸಲೇ ಇಲ್ಲ. ಅದೇ ಸಾಲನ್ನು ಇಡಿಯಾಗಿ ಕೆಳಗಿನ ಸಪ್ತಕಕ್ಕೆ ಇಳಿಸಿಕೊಂಡು, ನಿಧಾನ ಮಾಡಿ, ಅತ್ತೆಯ ಮುಖ ನೋಡುತ್ತಾ ಹೇಳಿದಳು. ಅತ್ತೆ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ತಾನೂ ನಿಂತಳು. ಅತ್ತೆ ಸೇರಿಕೊಂಡರು, ಅಜ್ಜಿ ಸೇರಿಕೊಂಡರು, ಮೆಲ್ಲಗೆ ಎಲ್ಲರೂ ಸೇರಿಕೊಂಡರು. ಮುಂದಿನ ಸಾಲುಗಳೆಲ್ಲ ಹೀಗೇ ಆದವು. ನಾನು ಮೇಲೆ ಎತ್ತುತ್ತಿದ್ದೆ, ಅವಳು ಕೆಳಗೆ ಹಿಡಿದು ಮನೆಯವರಿಗೆಲ್ಲ ಹಂಚುತ್ತಿದ್ದಳು. ನಡುವೆ ಇಳಿಯಲು ನನ್ನನ್ನು ಬಿಗುಮಾನ ಬಿಡಲಿಲ್ಲ.

ಮುಗಿದ ಮೇಲೆ ಒಬ್ಬರು ಟಿವಿಯಲ್ಲಿ ಹಾಡಿದಂಗ ಆತು ಅಂದರು. ಇನ್ನೊಬ್ಬರು ನನ್ನ ಗಂಟಲಿಗೆ ದೃಷ್ಟಿ ತೆಗೆಯಬೇಕು ಅಂದರು. ನಾನು ಅತ್ತೆಯ ಮಾತಿಗೆ ಕಾದೆ. ಮಂಡಕ್ಕಿ ತಿನ್ನುತ್ತಾ ಅವರು ಹೇಳಿದರು:

"ಭಾಳ ಚಂದ ಹಾಡಿದಿ. ನಮಗ ಹೇಳಾಕ ಆಗ್ಲಿಲ್ಲ ನೋಡು."

ಅದರಲ್ಲಿ ಕೊಂಕಿರಲಿಲ್ಲ. ತಮ್ಮದೇ ತಪ್ಪು ಅನ್ನುವ ಹಾಗೆ ಹೇಳಿದರು. ನಾನು ಎದ್ದು ಒಳಗೆ ಹೋಗಿ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದೆ.

ಆ ವಾರವೇ ಮೇಷ್ಟ್ರಿಗೆ ರೆಕಾರ್ಡಿಂಗ್ ಕೇಳಿಸಿದೆ. ಶ್ರುತಿ ಏರಿಸಿದ್ದಕ್ಕೆ ಬೈದರೂ ಬೈಯಲಿ, ಷಡ್ಜ ಕೇಳಿ ಕರಗುತ್ತಾರೆ ಎಂಬ ಆಸೆ ಇನ್ನೂ ಉಳಿದಿತ್ತು. ಮೊಬೈಲು ಚಾಪೆಯ ಮೇಲೆ, ಮೇಷ್ಟ್ರು ತಲೆ ತಗ್ಗಿಸಿ, ನನ್ನ ಕಿವಿ ಪರದೆಯ ಕಡೆ. ನನ್ನ ಸಾಲು ಶುರುವಾಯಿತು, ಏರಿತು, ಷಡ್ಜದಲ್ಲಿ ನಿಂತಿತು. ಮಷೀನು ಓಡುತ್ತಲೇ ಇತ್ತು. ಸಾಲು ಮುಗಿದು, ಯಾರೂ ಹಿಂದೆ ಹೇಳದ ಆ ಖಾಲಿ ಜಾಗ ಬಂತು, ಮೊಬೈಲಿನಲ್ಲಿ ಅದು ಮನೆಯಲ್ಲಿದ್ದದ್ದಕ್ಕಿಂತ ಉದ್ದವಾಗಿ ಕೇಳಿಸಿತು. ಮಷೀನು ಓಡಿತು. ಆಮೇಲೆ ನೆಗೆಣ್ಣಿಯ ದನಿ, ಅದರ ಬೆನ್ನಿಗೆ ಅತ್ತೆಯ ನಡುಗುವ ದನಿ.

ಮಷೀನು ನಿಂತಿತು.

ನಿಂತದ್ದು ಮತ್ತೆ ಶುರುವಾಗಲಿಲ್ಲ. ಪರದೆ ಸರಿಸಿ, ಬಾಯಲ್ಲಿ ಕಚ್ಚಿದ್ದ ದಾರ ತೆಗೆದು, ಮೇಷ್ಟ್ರ ಹೆಂಡತಿ ಕೇಳಿದರು:

"ಆ ಕೆಳಗೆ ಹಿಡ್ಕೊಂಡೋರು ಯಾರು?"

ನನ್ನ ನೆಗೆಣ್ಣಿ ಅಂದೆ. ಎಲ್ಲಿ ಕಲಿತರು ಎಂದು ಕೇಳಿದರು. ಎಲ್ಲೂ ಇಲ್ಲ ಅಂದೆ. ಮೇಷ್ಟ್ರು ಆ ಭಾಗವನ್ನು ಇನ್ನೊಮ್ಮೆ ಹಾಕಿಸಿದರು, ಮತ್ತೊಮ್ಮೆ ಹಾಕಿಸಿದರು. ನನ್ನ ಸಾಲಿನ ಬಗ್ಗೆ ಸ್ವರ ಸರಿ ಇದೆ ಅಂದರು, ಅಷ್ಟೇ. ಮನೆಯಲ್ಲಿ ಎಲ್ಲರಿಗಿಂತ ಸೋತ ದನಿ ಯಾರದ್ದೋ ಅದನ್ನು ಹುಡುಕಿ ಅದರ ಪಕ್ಕ ಹೋಗಿ ನಿಂತಿದ್ದಾರೆ, ಇದನ್ನು ನಾನು ಯಾರಿಗೂ ಹೇಳಿಕೊಟ್ಟಿಲ್ಲ, ನನಗೆ ಹೇಳಿಕೊಡಲು ಬರುವುದೂ ಇಲ್ಲ ಅಂದರು. ಹೊರಡುವಾಗ ಬಾಗಿಲವರೆಗೆ ಬಂದು ಹೇಳಿದರು:

"ಒಂದ್ಸಲ ಕರ್ಕೊಂಡ್ ಬನ್ನಿ ಅವರ್ನ. ಕಲ್ಸೂಕೆ ಅಲ್ಲ, ಕೇಳೂಕೆ. ಮನೇಲೂ ಹೇಳ್ತಿದಾರೆ."

ಆಗಲಿ ಅಂದೆ. ಸಂಜೆ ಬಸ್ಸಿನಲ್ಲಿ ಇಡೀ ದಾರಿ ಅದೇ ಮಾತು ಹೊರಳಾಡಿತು. ಮೂರು ವರ್ಷ ನಾನು ಆ ಚಾಪೆಯ ಮೇಲೆ ಕೂತಿದ್ದೆ, ನನ್ನನ್ನು ಕೇಳಲು ಯಾರೂ ಪರದೆ ಸರಿಸಿ ಬಂದಿರಲಿಲ್ಲ. ಅವಳು ಆ ಅಂಗಡಿಗೆ ಕಾಲಿಡದೆಯೇ ಪರದೆ ಸರಿಯುವಂತೆ ಮಾಡಿದಳು.

ಅತ್ತೆಗೆ ಹೊರಗೆ ಓಡಾಡಲು ಆಗದ್ದರಿಂದ ಈ ವರ್ಷದ ಶ್ರಾವಣದ ಸೋಮವಾರಗಳಲ್ಲೆಲ್ಲ ಓಣಿಯವರು ನಮ್ಮ ಮನೆಯಲ್ಲೇ ಸೇರಿದರು. ನಾನು ಮೇಷ್ಟ್ರು ಕೊಟ್ಟ ಕೆಳಗಿನ ಶ್ರುತಿಗೆ ಬಂದೆ. ಮೊದಲ ಸೋಮವಾರವೂ ನೆಗೆಣ್ಣಿ ನನ್ನ ಕಡೆಗೇ ಕೈ ತೋರಿಸಿದಳು, ಅತ್ತೆ ಎತ್ತು ಅಂದರು. ನಾನು ಎತ್ತಿದೆ, ಅತ್ತೆಯ ಬಾಯಿಯನ್ನೇ ನೋಡುತ್ತಾ ಎತ್ತಿದೆ. ಅವರ ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿ ಸಾಲನ್ನು ತುಂಡುಮಾಡಿದೆ. ನೆಗೆಣ್ಣಿ ಮಾಡಿದ್ದನ್ನು ನೋಡಿ ಕದ್ದದ್ದು ಅದು, ಆದರೆ ನನ್ನ ಗಂಟಲಿನಲ್ಲಿ ಅದು ಇನ್ನೂ ಚೊಕ್ಕವಾಗಿತ್ತು. ಅತ್ತೆ ಹಿಂದೆ ಹೇಳಿದರು, ಎಲ್ಲರೂ ಹೇಳಿದರು, ಮನೆ ತುಂಬಿತು. ಎರಡನೆಯ ಸೋಮವಾರ ಅತ್ತೆ ನೆಗೆಣ್ಣಿಯ ಕಡೆ ನೋಡಲೇ ಇಲ್ಲ. ನೇರ ನನ್ನನ್ನು ನೋಡಿ, "ನೀ ಎತ್ತವ್ವಾ" ಅಂದರು. ಮೂರನೆಯ ವಾರವೂ ಅಂದರು. ಇಷ್ಟು ವರ್ಷ ಬೇಕಿದ್ದದ್ದು ಇದೇ, ಸಿಕ್ಕಿತು. ನೆಗೆಣ್ಣಿ ಈಗ ಎಲ್ಲರ ಜೊತೆ ಕೂತು ಹಿಂದೆ ಹೇಳುತ್ತಾಳೆ.

ಮೂರನೆಯ ವಾರ ಹಾಡು ಮುಗಿದು ಜನ ಹೋದ ಮೇಲೆ ನಾವಿಬ್ಬರೂ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆವು. ಅವಳ ಕೈಯಲ್ಲಿ ನನ್ನ ಹೆಸರಿನ ತಟ್ಟೆ ಇತ್ತು. ಅದರ ಮೇಲಿನ ಅಕ್ಷರಗಳ ಸಂದಿಯಲ್ಲಿ ಕೂತ ಎಣ್ಣೆಯನ್ನು ಬೆರಳಿನಿಂದ ಉಜ್ಜುತ್ತಾ, ತಲೆ ಎತ್ತದೆ ಕೇಳಿದಳು:

"ಅಕ್ಕಾ, ನಿಮ್ಮ ಮೇಷ್ಟ್ರು ನನ್ನಂಥೋರಿಗೂ ಹೇಳ್ಕೊಡ್ತಾರಾ? ನಂಗೆ ಸಣ್ಣೋಳಿದ್ದಾಗಿಂದ ಆಸೆ. ಯಾರಿಗೂ ಹೇಳಿಲ್ಲ."

ಆ ತಟ್ಟೆಯನ್ನು ಅವಳು ಅಷ್ಟು ಜೋಪಾನವಾಗಿ ತೊಳೆಯುವುದನ್ನು ನೋಡುತ್ತಾ ನಾನು ನಿಂತಿದ್ದೆ. ಪರದೆ ಸರಿಸಿ ಬಂದ ಹೆಂಗಸು, ಬಾಗಿಲವರೆಗೆ ಬಂದ ಮೇಷ್ಟ್ರು, ಒಂದು ವರ್ಷ ನನ್ನೊಳಗೇ ಇಟ್ಟುಕೊಂಡ ಆ ಕರೆ, ಎಲ್ಲ ನಾಲಗೆಯ ತುದಿಗೆ ಬಂತು. ಒಂದೇ ಮಾತು ಸಾಕಿತ್ತು.

"ಇಲ್ಲವಾ, ಅವರಿಗೆ ವಯಸ್ಸಾಯ್ತು, ಹೊಸಬರನ್ನ ಯಾರನ್ನೂ ತಗೊಳ್ತಿಲ್ಲ" ಅಂದೆ.

ಅವಳು ಹೌದಾ ಎಂದು ತಟ್ಟೆಯನ್ನು ಒರೆಸಿ ಬೋರಲು ಹಾಕಿದಳು. ಮೂರು ವರ್ಷ ಮೇಷ್ಟ್ರು ನನ್ನಿಂದ ತಿದ್ದಿಸಿದ್ದು ಯಾವುದೂ ಆ ಹೊತ್ತಿಗೆ ಕೈಕೊಡಲಿಲ್ಲ. ಭುಜ ಅಲುಗಲಿಲ್ಲ, ಗದ್ದ ಏಳಲಿಲ್ಲ, ದನಿ ನಡುಗಲಿಲ್ಲ. ಇಡೀ ಸುಳ್ಳು ಒಂದೇ ಉಸಿರಿನಲ್ಲಿ ಬಂತು, ಎಲ್ಲೂ ಮುರಿಯಲಿಲ್ಲ.